ರಾತ್ರೋರಾತ್ರಿ ಅಂಗಡಿ ಖಾಲಿ ಮಾಡಿದ ಬಾಡಿಗೆದಾರ, ಅವನಿಂದ ಡಿಕ್ರಿ ದುಡ್ಡು ವಸೂಲಿ ಮಾಡಿದ ನನ್ನ ಅನುಭವ

ಕೊನೆಯ ಕಂತಿನ 60 ಸಾವಿರ ಹೋದ ತಿಂಗಳು ನನ್ನ ಖಾತೆಗೆ ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಪೂರ್ತಿ ದುಡ್ಡು ಕೈಗೆ ಬರೋ ತನಕ ಯಾರ ಹತ್ತಿರವೂ ಬಾಯಿ ಬಿಡಬೇಡಿ ಅಂತ ಹೆಂಡತಿ ಹೇಳಿದ್ದಳು. ಬಾಕಿ ಬಾಡಿಗೆ ಕೊಡಬೇಕು ಅಂತ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಬಂದಾಗ ನಮ್ಮ ಲಾಯರ್ರೇ "ಡಿಕ್ರಿ ಆಯ್ತಲ್ಲ ಸಾರ್, ಅಷ್ಟಕ್ಕೇ ಸಮಾಧಾನ ಮಾಡ್ಕೊಳ್ಳಿ, ಆಸಾಮಿ ಸಿಗಲ್ಲ" ಅಂದಿದ್ದರು. ನಮ್ಮ ಭಾವ ಅಂತೂ ಹಬ್ಬಕ್ಕೆ ಬಂದಾಗಲೆಲ್ಲ "ಆ ಡಿಕ್ರಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕು" ಅನ್ನುತ್ತಿದ್ದರು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಅಂಗಡಿ ಇದೆ. ಆತ ಅಲ್ಲಿ ಬೇಕರಿ ಇಟ್ಟಿದ್ದ. ಹೆಸರು ಇಲ್ಲಿ ಬೇಡ. ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. 2020ರ ಲಾಕ್‌ಡೌನ್‌ನಲ್ಲಿ ಮೂರು ತಿಂಗಳ ಬಾಡಿಗೆ ನಾನೇ ಬಿಟ್ಟೆ. ಆಮೇಲೆ ಆತ ಕೊಡೋದನ್ನೇ ನಿಲ್ಲಿಸಿದ. ಸುಮಾರು 18 ತಿಂಗಳು ಬಾಕಿ ಬಿತ್ತು. 2021ರಲ್ಲಿ ದಾವೆ ಹಾಕಿದೆ, ಸಮನ್ಸ್ ತಗೊಂಡ, ಎರಡು ವಾಯಿದೆಗೆ ಲಾಯರ್ ಇಟ್ಟುಕೊಂಡು ಬಂದ, ಆಮೇಲೆ ದೀಪಾವಳಿಗೆ ಮುಂಚೆ ಒಂದು ರಾತ್ರಿ ಓವನ್ ಸಮೇತ ಎಲ್ಲ ತುಂಬಿಕೊಂಡು ಹೋಗಿಬಿಟ್ಟ. ಬೆಳಿಗ್ಗೆ ನೋಡಿದರೆ ಶಟರ್ ಬೀಗದ ಕೀ ನಮ್ಮ ಗೇಟಿನ ಕೆಳಗೆ ಬಿದ್ದಿತ್ತು. ಮೀಟರ್ ನನ್ನ ಹೆಸರಲ್ಲಿ ಇದ್ದದ್ದರಿಂದ ಸೆಸ್ಕ್‌ನ ಕರೆಂಟ್ ಬಿಲ್ಲು 31 ಸಾವಿರವನ್ನೂ ನಾನೇ ಕಟ್ಟಿದೆ. ಅಡ್ವಾನ್ಸ್ ಮುರಿದುಕೊಂಡು 2 ಲಕ್ಷ 77 ಸಾವಿರಕ್ಕೆ 2022ರಲ್ಲಿ ಎಕ್ಸ್‌ಪಾರ್ಟೆ ಡಿಕ್ರಿ, ಅಂದರೆ ಆತನ ಗೈರುಹಾಜರಿಯಲ್ಲೇ, ಆಯಿತು. ಮೇಲೆ ಶೇ 6 ಬಡ್ಡಿ ಮತ್ತು ಖರ್ಚು.

ಮೊದಲ ಒಂದು ವರ್ಷ ಪೂರ್ತಿ ಹಾಳು. ರಿಜಿಸ್ಟರ್ಡ್ ಪೋಸ್ಟ್ "ಬಿಟ್ಟು ಹೋಗಿದ್ದಾರೆ" ಅಂತ ವಾಪಸ್ ಬಂತು. ಕೋರ್ಟಿನ ನೋಟಿಸ್ ಮುಟ್ಟಿಸೋ ಅಮೀನರು ಎರಡು ಸಲ ಹೋಗಿ ಅದೇ ಷರಾ ಬರೆದರು. ಫೋನ್ ಸ್ವಿಚ್ ಆಫ್. ಯಾರದೋ ಮಾತು ಕೇಳಿ ಒಂದು ಪತ್ತೇದಾರಿ ಏಜೆನ್ಸಿಗೆ 15 ಸಾವಿರ ಕಟ್ಟಿದೆ. ಒಂದೂವರೆ ತಿಂಗಳಾದ ಮೇಲೆ ಅಂದವಾಗಿ ಬೈಂಡ್ ಮಾಡಿದ ರಿಪೋರ್ಟ್ ಕೊಟ್ಟರು. ಅದರಲ್ಲಿದ್ದದ್ದು ಆತ ಬಿಟ್ಟು ಹೋದ ಹಳೇ ಮನೆಯ ಫೋಟೊ! ಆ ವಿಳಾಸ ಅವರಿಗೆ ಕೊಟ್ಟಿದ್ದೇ ನಾನು. ಇನ್ನೂ 25 ಸಾವಿರ ಕೊಟ್ಟರೆ ಕಾಲ್ ರೆಕಾರ್ಡ್ ತೆಗೆಸಿ ಕೊಡುತ್ತೇವೆ ಅಂದರು. ಆ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬೇಡಿ. ಅದು ಅಪರಾಧ, ನಮ್ಮ ಕೇಸೇ ನಮ್ಮ ತಲೆ ಮೇಲೆ ಬೀಳುತ್ತದೆ. ಆಮೇಲೆ 10 ರೂಪಾಯಿ ಕಟ್ಟಿ ಒಂದು ಇಲಾಖೆಗೆ ಆರ್‌ಟಿಐ ಹಾಕಿದೆ. 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ, ಅಂತ ತಿರಸ್ಕಾರವಾಗಿ ಬಂತು.

ಮಧ್ಯದಲ್ಲಿ ನಾನೂ ಸ್ವಲ್ಪ ದಾರಿ ತಪ್ಪಿದೆ. ಆತನ ಊರು ಹಾಸನ ಜಿಲ್ಲೆ. ಅಲ್ಲಿ ಜಮೀನಿನಲ್ಲಿ ಪಾಲು ಇದ್ದರೆ ಅದನ್ನೇ ಜಪ್ತಿ ಮಾಡಿಸೋಣ ಅಂತ ಪಹಣಿ ತೆಗೆಸಿದೆ. ಇನ್ನೂ ತೀರಿಹೋದ ತಂದೆ ಹೆಸರಲ್ಲೇ ಇತ್ತು, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರಲಿಲ್ಲ. ಇ-ಕೋರ್ಟ್ಸ್‌ನಲ್ಲಿ (ಕೋರ್ಟ್ ಕೇಸುಗಳ ವಿವರ ಇರೋ ಸರ್ಕಾರಿ ವೆಬ್‌ಸೈಟ್) ಪಾರ್ಟಿ ಹೆಸರು ಹಾಕಿ ಹುಡುಕಿದಾಗ ಅಣ್ಣತಮ್ಮಂದಿರ ವಿಭಾಗದ ದಾವೆಯೇ ಸಿಕ್ಕಿತು. ಇದರಲ್ಲಿ ಒಂದು ಮಾತು. ಪೂರ್ತಿ ಹೆಸರು ಟೈಪ್ ಮಾಡಬೇಡಿ, ಮೊದಲ ನಾಲ್ಕೈದು ಅಕ್ಷರ ಸಾಕು. ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ಥರ ಬರೆದಿರುತ್ತಾರೆ. ನಾನು ಎರಡು ತಿಂಗಳು ತಪ್ಪು ಸ್ಪೆಲಿಂಗ್ ಹಿಡಿದು ಕೂತಿದ್ದೆ. ಆದರೆ ಆ ದಾವೆ ಮುಗಿಯೋದು ಯಾವ ಕಾಲಕ್ಕೋ, ಅದನ್ನು ನಂಬಿ ಕೂರೋ ಹಾಗಿರಲಿಲ್ಲ. ಊರಿಗೂ ಒಂದು ಸಲ ಹೋದೆ. ವಯಸ್ಸಾದ ತಾಯಿ ಒಬ್ಬರೇ ಇದ್ದರು, ಕೂರಿಸಿ ಕಾಫಿ ಕೊಟ್ಟರು. ಅವರ ಮುಂದೆ ಸಾಲದ ಮಾತೆತ್ತಲು ಮನಸ್ಸಾಗಲಿಲ್ಲ. ಈ ಕಡೆ ಬಂದಿದ್ದೆ ಅಂತ ಹೇಳಿ ಎದ್ದು ಬಂದೆ.

ಆ ದಿನ ಬಸ್ಸಿನಲ್ಲಿ ಬರುವಾಗ ಹೊಳೆದದ್ದು ಇಷ್ಟೇ. ನಾನು ಆಸಾಮಿಯನ್ನು ಹುಡುಕುತ್ತಿದ್ದೆ, ಹುಡುಕಬೇಕಾದದ್ದು ಆತನ ಕಸುಬನ್ನು. ಮನೆ ಬದಲಾಯಿಸಬಹುದು, ಸಿಮ್ ಬಿಸಾಕಬಹುದು, ಆದರೆ 20 ವರ್ಷ ಬೇಕರಿ ಮಾಡಿದವನು ಇನ್ನೆಲ್ಲಿಗೆ ಹೋದರೂ ಬೇಕರಿಯನ್ನೇ ಮಾಡುತ್ತಾನೆ. ಅಂಗಡಿ ಅಂದ ಮೇಲೆ ಬೋರ್ಡ್ ಹಾಕಲೇಬೇಕು, ಲೈಸೆನ್ಸ್ ತಗೊಳ್ಳಲೇಬೇಕು, ಅಲ್ವಾ?

ಬಾಡಿಗೆ ಕರಾರಿನ ಹಿಂದೆ ಆತನ ಪ್ಯಾನ್ ಕಾರ್ಡಿನ ಜೆರಾಕ್ಸ್ ಇತ್ತು. ತುಂಬಾ ಮಾಸಿತ್ತು, ಐದನೇ ಅಕ್ಷರ "ಬಿ" ಅನ್ನೋದೋ "ಆರ್" ಅನ್ನೋದೋ ತಿಳಿಯುತ್ತಿರಲಿಲ್ಲ. ಪ್ಯಾನ್‌ನಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ನಾಲ್ಕನೇ ಅಕ್ಷರ "ಪಿ" ಅಂದರೆ ವ್ಯಕ್ತಿ. ಐದನೇದು ಸರ್‌ನೇಮ್‌ನ ಮೊದಲ ಅಕ್ಷರ. ನಮ್ಮ ಕಡೆ ಸರ್‌ನೇಮ್ ಇರೋದೇ ಕಡಿಮೆ, ಆ ಜಾಗಕ್ಕೆ ಎಷ್ಟೋ ಸಲ ಅಪ್ಪನ ಹೆಸರು ಬಂದು ಕೂತಿರುತ್ತದೆ. ಪಹಣಿಯಲ್ಲಿ ಅಪ್ಪನ ಹೆಸರು ಇತ್ತಲ್ಲ, ಅದು "ಬ"ದಿಂದ ಶುರು. ವ್ಯರ್ಥ ಅಂದುಕೊಂಡಿದ್ದ ಪಹಣಿ ಹೀಗೆ ಕೆಲಸಕ್ಕೆ ಬಂತು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಯಾರು ಬೇಕಾದರೂ ಹುಡುಕಬಹುದು, ಲಾಗಿನ್ ಬೇಡ, ದುಡ್ಡೂ ಬೇಡ. ಮೊದಲ ಸಲ ಹುಡುಕಿದಾಗ ಮೈಸೂರಿನ ಜಿಎಸ್‌ಟಿ ನಂಬರ್ ಒಂದೇ ಬಂತು, ರದ್ದಾಗಿದೆ ಅಂತ. ಸುಮಾರು ಜನ ಇಲ್ಲೇ ಕೈ ಬಿಡುತ್ತಾರೆ. ನಾನು ಪ್ರತಿ ತಿಂಗಳು 1ನೇ ತಾರೀಖು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದೇ ಪ್ಯಾನ್ ಹಾಕಿ ನೋಡುತ್ತಿದ್ದೆ. ಏಳೋ ಎಂಟೋ ತಿಂಗಳಾದ ಮೇಲೆ ಎರಡನೇ ಸಾಲು ಬಂತು. ಚಾಲ್ತಿಯಲ್ಲಿದೆ, ಶಿವಮೊಗ್ಗ. ಕೈ ನಡುಗಿತು, ಸುಳ್ಳು ಹೇಳಲ್ಲ.

ಆಹಾರದ ಅಂಗಡಿಯಾದರೆ ಇನ್ನೊಂದು ದಾರಿ ಇದೆ. ಸ್ವಿಗ್ಗಿ, ಜೊಮ್ಯಾಟೊದಲ್ಲಿ ಅಂಗಡಿ ಪುಟದ ಕೊನೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ. 1ರಿಂದ ಶುರುವಾದರೆ ಲೈಸೆನ್ಸ್, 2 ಆದರೆ ಸಣ್ಣವರ ರಿಜಿಸ್ಟ್ರೇಷನ್, ಮುಂದಿನ 12 ಅಂದರೆ ಕರ್ನಾಟಕ. ನಾನು ಅದನ್ನು ಹೋಲಿಸಿ ನೋಡಿ ಖಚಿತ ಮಾಡಿಕೊಂಡೆ. ಹೇಗೆ ಹೋಲಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮರುವಾರ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದೆ. ಆತ ಅಂಗಡಿಯಲ್ಲಿ ಇರಲಿಲ್ಲ, ಹುಡುಗ ಒಬ್ಬ ಇದ್ದ. ಒಳಗೆ ಕಾಲಿಟ್ಟ ತಕ್ಷಣ ಗಾಜಿನ ಶೋಕೇಸ್ ಗುರುತು ಹಿಡಿದೆ. ಎಡಗಡೆ ಮೂಲೆಯಲ್ಲಿ ಬಿರುಕು, ಅದರ ಮೇಲೆ ಅಡ್ಡಕ್ಕೆ ಅಂಟಿಸಿದ ಕಂದು ಟೇಪು. ನಮ್ಮ ಅಂಗಡಿಗೆ ಅದನ್ನು ಇಳಿಸುವಾಗಲೇ ಒಡೆದದ್ದು, ನಾನೇ ಪಕ್ಕದಲ್ಲಿ ನಿಂತಿದ್ದೆ. ಏನೂ ಮಾತಾಡದೆ ಎರಡು ಖಾರಾ ಬನ್, ಒಂದು ದಿಲ್‌ಪಸಂದ್ ತಗೊಂಡು ಕೌಂಟರಿನ ಕ್ಯೂಆರ್‌ಗೆ ದುಡ್ಡು ಹಾಕಿದೆ. ಮೊಬೈಲಿನಲ್ಲಿ ಆತನದೇ ಹೆಸರು ಬಂತು. ನನ್ನ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಯುಪಿಐ ಸಾಲಿನ ಪಕ್ಕ ದುಡ್ಡು ಪಡೆದವರ ಬ್ಯಾಂಕಿನ ನಾಲ್ಕಕ್ಷರದ ಕೋಡ್ ಬರುತ್ತದೆ. ಅಲ್ಲಿಗೆ ಬ್ಯಾಂಕೂ ಗೊತ್ತಾಯಿತು. ದಯವಿಟ್ಟು ಯಾರೂ ಇಂಥ ಜಾಗದಲ್ಲಿ ಗಲಾಟೆಗೆ ಹೋಗಬೇಡಿ. ಆಸಾಮಿಗೆ ಸುಳಿವು ಸಿಕ್ಕಿದರೆ ಮತ್ತೆ ಲಾರಿ ತರಿಸುತ್ತಾನೆ. ಬೋರ್ಡಿನ ಫೋಟೊ ತೆಗೆದು, ಬನ್ ತಿಂದು ವಾಪಸ್ ಬಂದೆ.

ಮುಂದಿನದು ಕೋರ್ಟಿನ ಮಾಮೂಲು ದಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಂ ಕೆಳಗೆ ಡಿಕ್ರಿಯನ್ನು ಶಿವಮೊಗ್ಗದ ಕೋರ್ಟಿಗೆ ವರ್ಗ ಮಾಡಿಸಿ, ದುಡ್ಡು ಇನ್ನೂ ವಸೂಲಾಗಿಲ್ಲ ಅನ್ನೋ ನಾನ್ ಸ್ಯಾಟಿಸ್‌ಫ್ಯಾಕ್ಷನ್ ಸರ್ಟಿಫಿಕೇಟ್ ಸಮೇತ ಕಾಗದ ಮುಟ್ಟೋಕೆ ನಾಲ್ಕು ತಿಂಗಳು ಹಿಡಿಯಿತು. ಅಲ್ಲಿನ ಲಾಯರ್ರು ಓವನ್ ಜಪ್ತಿ ಮಾಡಿಸೋಣ ಅಂದರು. ನಾನು ಬೇಡ ಅಂದೆ. ಅದೇ ಸಂಹಿತೆಯ 60ನೇ ಕಲಂನಲ್ಲಿ ಕಸುಬಿನ ಸಲಕರಣೆಗೆ ರಕ್ಷಣೆ ಇದೆ, ಆ ವಾದಕ್ಕೇ ಒಂದು ವರ್ಷ ಹೋಗುತ್ತಿತ್ತು. ಅದೂ ಅಲ್ಲದೆ ಓವನ್ ಎತ್ತಿದರೆ ಆತ ದುಡಿಯೋದು ಹೇಗೆ, ನನಗೆ ಕೊಡೋದು ಹೇಗೆ? ಜೈಲಿನ ದಾರಿಯೂ ಬೇಡ ಅಂದೆ. ಶಕ್ತಿ ಇದ್ದೂ ಕೊಡುತ್ತಿಲ್ಲ ಅಂತ ನಾವೇ ತೋರಿಸಬೇಕು, ಸುಪ್ರೀಂ ಕೋರ್ಟಿನ 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು ಅಡ್ಡ ಬರುತ್ತದೆ, ಒಳಗಿದ್ದಷ್ಟು ದಿನ ಊಟದ ಭತ್ಯೆಯನ್ನೂ ನಾವೇ ಕಟ್ಟಬೇಕು. ಮೊದಲು ಬ್ಯಾಂಕ್ ಖಾತೆಗೆ ತಡೆ ತಂದೆವು. ಅದರ ಜೊತೆಗೇ ಆರ್ಡರ್ 21 ರೂಲ್ 41ರಲ್ಲಿ ಆಸ್ತಿಯ ಅಫಿಡವಿಟ್ ಕೇಳಿದೆವು.

ಖಾತೆಯಲ್ಲಿ ಸಿಕ್ಕಿದ್ದು 41 ಸಾವಿರ. ಆದರೆ ದಿನಾ ವ್ಯಾಪಾರದ ದುಡ್ಡು ಬರೋ ಖಾತೆ ನಿಂತರೆ ಅಂಗಡಿಯವನಿಗೆ ಉಸಿರು ಕಟ್ಟುತ್ತದೆ. ಮುಂದಿನ ವಾಯಿದೆಗೆ ಆತನೇ ಬಂದ. ಕೋರ್ಟ್ ಜಗಲಿಯಲ್ಲಿ ಹತ್ತಿರ ಬಂದು "ಸಾರ್, ಕೊರೋನಾದಲ್ಲಿ ಮುಳುಗಿ ಹೋಗಿದ್ದೆ, ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ" ಅಂದ. "ಹೇಳಿ ಹೋಗಿದ್ರೆ ನಾನೇ ಕಂತು ಮಾಡಿ ಕೊಡ್ತಿದ್ನಲ್ಲಪ್ಪ" ಅಂದೆ. ನಿಜವಾಗಿಯೂ ಕೊಡುತ್ತಿದ್ದೆ. 60 ಸಾವಿರದ ಐದು ಕಂತಿಗೆ ಒಪ್ಪಂದವಾಯಿತು. ಪ್ರತಿ ಕಂತನ್ನೂ ಬ್ಯಾಂಕ್ ಮೂಲಕವೇ ತಗೊಂಡು ಕೋರ್ಟಿಗೆ ಮೆಮೊ ಹಾಕಿದ್ದೇವೆ. ಹೊರಗೆ ಕೊಟ್ಟು ತಗೊಂಡದ್ದನ್ನು ದಾಖಲು ಮಾಡಿಸದಿದ್ದರೆ ಕೋರ್ಟ್ ಲೆಕ್ಕಕ್ಕೆ ಹಿಡಿಯಲ್ಲ.

ಬಂದದ್ದು 3 ಲಕ್ಷ 41 ಸಾವಿರ. ಇಬ್ಬರು ಲಾಯರ್ರು, ಏಜೆನ್ಸಿಗೆ ಸುರಿದದ್ದು, ರೈಲು, ಲಾಡ್ಜ್ ಎಲ್ಲ ಸೇರಿ ಹೋದದ್ದು 70 ಸಾವಿರದ ಹತ್ತಿರ. ಏಜೆನ್ಸಿಗೆ ಕೊಡದೆ ಮೊದಲೇ ಪ್ಯಾನ್ ನೋಡಿದ್ದರೆ 50ರಲ್ಲಿ ಮುಗಿಯುತ್ತಿತ್ತು. ಈಗಿನ ಬಾಡಿಗೆದಾರರ ಪ್ಯಾನ್ ಫೋಟೊವನ್ನು ಸ್ಪಷ್ಟವಾಗಿ ತೆಗೆದು ಮೂರು ಕಡೆ ಇಟ್ಟಿದ್ದೇನೆ.

ಹೋದ ಭಾನುವಾರ ಭಾವ ಮನೆಗೆ ಬಂದಿದ್ದರು. ಊಟ ಆದ ಮೇಲೆ ಚೀಲದಿಂದ ಒಂದು ಹಳೇ ಫೈಲ್ ತೆಗೆದು ಮುಂದೆ ಇಟ್ಟರು. ಅವರದೇ ಡಿಕ್ರಿ, 2014ರದ್ದು. ಡಿಕ್ರಿ ಜಾರಿ ಮಾಡಿಸೋ 12 ವರ್ಷದ ಗಡುವು 2026ಕ್ಕೆ ಮುಗಿಯುತ್ತದೆ. ಪ್ಯಾನ್ ಪ್ರತಿ ಇಲ್ಲ. ಬಾಡಿಗೆದಾರ ಏನು ವ್ಯಾಪಾರ ಮಾಡ್ತಿದ್ದ ಅಂತ ಕೇಳಿದೆ. ಮೆಡಿಕಲ್ ಸ್ಟೋರ್ ಅಂದರು. "ಹಾಗಾದ್ರೆ ಡ್ರಗ್ ಲೈಸೆನ್ಸ್ ಇರಲೇಬೇಕಲ್ಲ ಭಾವ" ಅಂದೆ. ಫೈಲ್ ಈಗ ನನ್ನ ಮೇಜಿನ ಮೇಲಿದೆ.