ಪೊಲೀಸರು ಬಾಗಿಲು ಒಡೆದರೆ ರಿಪೇರಿ ಖರ್ಚು ಯಾರದು?

ನಾನು ದಾವಣಗೆರೆಯಲ್ಲಿ ಸಿವಿಲ್ ಕೇಸು ನಡೆಸುವ ವಕೀಲೆ. ಪೊಲೀಸರು ಮನೆ ಬಾಗಿಲು ಒಡೆದರು ಅಂತ ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. "ಮೇಡಂ, ಹಿಂಗೆ ಒಡೀಬಹುದಾ?" "ಇದರ ದುಡ್ಡು ಯಾರು ಕೊಡ್ತಾರೆ?"

ಮೊದಲನೆಯದಕ್ಕೆ ಉತ್ತರ: ಒಡೆಯಬಹುದು, ಆದರೆ ಸುಮ್ನೆ ಅಲ್ಲ. ಎರಡನೆಯದಕ್ಕೆ: ಕಾನೂನು ಪ್ರಕಾರ ಒಡೆದಿದ್ದರೆ ಸಾಮಾನ್ಯವಾಗಿ ನಷ್ಟ ಮನೆಯವರ ತಲೆಗೇ ಬರುತ್ತದೆ. ಮನೆ ತಪ್ಪಿ ಒಡೆದಿದ್ದರೆ, ಹೇಳದೆ ಕೇಳದೆ ಒಡೆದಿದ್ದರೆ, ಅಥವಾ ಒಳಗೆ ಬಂದ ಮೇಲೆ ಬೇಕಿಲ್ಲದ್ದನ್ನೆಲ್ಲ ಹಾಳು ಮಾಡಿದ್ದರೆ ಸರ್ಕಾರದಿಂದ ಕೇಳಬಹುದು. ಆದರೆ ಯಾರೂ ತಾವಾಗಿ ಚೆಕ್ ತಂದು ಕೊಡುವುದಿಲ್ಲ. ನೀವೇ ಕೇಳಬೇಕು, ಕಾಗದದಲ್ಲಿ ಕೇಳಬೇಕು, ವರ್ಷದೊಳಗೆ ಕೇಳಬೇಕು.

ಕಾನೂನು ಏನು ಹೇಳುತ್ತದೆ

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧನ, ಶೋಧನೆ ಹೇಗೆ ಮಾಡಬೇಕು ಎಂದು ಹೇಳುವ ಕಾನೂನು ಇದು. ಅದರ 44ನೇ ಸೆಕ್ಷನ್ ನೋಡಿ. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆ ಎಂದು ನಂಬಲು ಕಾರಣ ಇದ್ದರೆ ಪೊಲೀಸರು ಬಾಗಿಲು, ಕಿಟಕಿ ಒಡೆಯಬಹುದು. ಅದು ಆ ವ್ಯಕ್ತಿಯ ಮನೆಯೇ ಆಗಿರಬೇಕಿಲ್ಲ. ಆದರೆ ಮೊದಲು ತಾವು ಯಾರು, ಯಾಕೆ ಬಂದಿದ್ದೇವೆ ಎಂದು ಹೇಳಬೇಕು. ಬಾಗಿಲು ತೆಗೆಯಿರಿ ಎಂದು ಕೇಳಬೇಕು. ಬೇರೆ ದಾರಿಯಲ್ಲಿ ಒಳಗೆ ಬರಲು ಆಗದಿದ್ದರೆ ಮಾತ್ರ ಒಡೆಯಬೇಕು. ಮುಚ್ಚಿದ ಜಾಗದ ಶೋಧನೆಗೂ 103ನೇ ಸೆಕ್ಷನ್ ಇದೇ ದಾರಿ ಹೇಳುತ್ತದೆ. ಆಗ ಆ ಪ್ರದೇಶದ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಇರಬೇಕು. ಮನೆಯವರು ಎದುರಿಗಿರಲು ಬಿಡಬೇಕು. ವಶಪಡಿಸಿಕೊಂಡದ್ದರ ಪಟ್ಟಿಯ ಪ್ರತಿ ಮನೆಯವರಿಗೆ ಕೊಡಬೇಕು.

ಹೊಸ ಕಾನೂನಿನಲ್ಲಿ ನಮಗೆ ಹೆಚ್ಚು ಉಪಯೋಗ ಆಗುವುದು 105ನೇ ಸೆಕ್ಷನ್. ಶೋಧನೆ ಮತ್ತು ವಶಪಡಿಸಿಕೊಳ್ಳುವುದನ್ನು ಪೊಲೀಸರು ವಿಡಿಯೋ ಮಾಡಬೇಕು, ಮೊಬೈಲ್‌ನಲ್ಲಾದರೂ ಸರಿ. ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. "ಬಾಗಿಲು ಮೊದಲೇ ಮುರಿದಿತ್ತು" ಎಂದು ಯಾರಾದರೂ ಹೇಳಿದರೆ ಆ ವಿಡಿಯೋ ತರಿಸಿ ಎಂದು ನೀವು ಕೇಳಬಹುದು. ವಿಡಿಯೋ ಇಲ್ಲ ಎಂದರೆ ಯಾಕಿಲ್ಲ ಎಂದು ಅವರು ಉತ್ತರ ಕೊಡಬೇಕಾಗುತ್ತದೆ.

ವಾರಂಟ್ ಇಲ್ಲದೆ 185ನೇ ಸೆಕ್ಷನ್ ಕೆಳಗೆ ಶೋಧನೆ ಮಾಡಿದ್ದರೆ, ಯಾಕೆ ಮಾಡಿದೆವು ಎಂಬ ಬರಹ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು. ಮನೆಯ ಮಾಲೀಕರಾಗಲಿ, ಬಾಡಿಗೆಗೆ ಇರುವವರಾಗಲಿ ಅರ್ಜಿ ಹಾಕಿದರೆ ಅದರ ಪ್ರತಿ ಮ್ಯಾಜಿಸ್ಟ್ರೇಟರಿಂದ ಉಚಿತವಾಗಿ ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ದಯವಿಟ್ಟು ಅರ್ಜಿ ಹಾಕಿ. ಯಾರ ಹೆಸರು, ಯಾವ ವಿಳಾಸ ಹುಡುಕಿಕೊಂಡು ಬಂದಿದ್ದರು ಎಂಬುದು ಅದರಲ್ಲೇ ಗೊತ್ತಾಗುತ್ತದೆ. ವಿಳಾಸ ನಿಮ್ಮದಲ್ಲದಿದ್ದರೆ ನಿಮ್ಮ ಕೇಸು ಅರ್ಧ ಅಲ್ಲೇ ನಿಂತಂತೆ.

ಮೊದಲ ದಿನ ಮಾಡಬೇಕಾದ್ದು

ಹೆಚ್ಚಿನವರು ಇಲ್ಲೇ ಸೋಲುತ್ತಾರೆ. ನಾಲ್ಕು ಜನ ನೋಡುತ್ತಾರೆ ಎಂಬ ಸಂಕೋಚಕ್ಕೆ ಸಂಜೆಯೊಳಗೆ ಬಾಗಿಲು ಸರಿಮಾಡಿಸಿ, ಚೂರುಪಾರು ಗುಡಿಸಿ ಹೊರಗೆ ಹಾಕಿಬಿಡುತ್ತಾರೆ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ಪೊರಕೆ ಮುಟ್ಟುವ ಮೊದಲು ಮೊಬೈಲ್ ಹಿಡಿಯಿರಿ.

ಮೊದಲು ದೂರದಿಂದ ಬೀದಿ, ಮನೆ ನಂಬರ್, ಬಾಗಿಲು ಮೂರೂ ಕಾಣುವ ಹಾಗೆ ಒಂದು ಫೋಟೋ. ಆಮೇಲೆ ಹತ್ತಿರದಿಂದ: ಚಿಲಕ ಕಿತ್ತು ಬಂದ ಜಾಗ, ಚೌಕಟ್ಟಿನ ಸೀಳು, ಕೆಳಗೆ ಬಿದ್ದ ಸ್ಕ್ರೂ, ಬಾಗಿಲ ಮೇಲಿನ ಬೂಟಿನ ಗುರುತು. ಎಲ್ಲದರ ಪಕ್ಕ ಟೇಪು ಅಥವಾ ಸ್ಕೇಲು ಇಟ್ಟು ತೆಗೆಯಿರಿ. ಒಳಗಿನ ಹಾನಿಗೆ ಬೇರೆ ಫೋಟೋ. ಇದು ಯಾಕೆ ಮುಖ್ಯ ಅಂದರೆ, ಬಾಗಿಲು ಒಡೆದದ್ದಕ್ಕೆ ಅವರ ಬಳಿ ಕಾರಣ ಇರಬಹುದು. ಬೀಗದ ಕೈ ಕೊಡುತ್ತೇನೆ ಎಂದರೂ ಬೀರು ಒಡೆದದ್ದಕ್ಕೆ, ಅಕ್ಕಿ ಡಬ್ಬ ನೆಲಕ್ಕೆ ಸುರಿದದ್ದಕ್ಕೆ, ಟಿವಿ ಬೀಳಿಸಿದ್ದಕ್ಕೆ ಕಾರಣ ಸಿಗುವುದು ಕಷ್ಟ. ಕೋರ್ಟಿನಲ್ಲಿ ಈ ಎರಡನೇ ಬಗೆಯ ಹಾನಿಯೇ ಎಷ್ಟೋ ಸಲ ಗಟ್ಟಿಯಾಗಿ ನಿಲ್ಲುತ್ತದೆ.

ಆ ಫೋಟೋ ತೆಗೆದ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಮುಂದೆ ಕೋರ್ಟಿಗೆ ಆ ಫೋಟೋ ಕೊಡುವಾಗ, ಇದು ಇದೇ ಮೊಬೈಲಿನದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮುರಿದ ಚಿಲಕ, ಸೀಳಿದ ಮರ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ.

ಪೊಲೀಸರು ಮಹಜರಿಗೆ, ಅಂದರೆ ಸ್ಥಳದಲ್ಲಿ ನಡೆದದ್ದನ್ನು ಬರೆದ ಪತ್ರಕ್ಕೆ, ಸಹಿ ಹಾಕಿ ಎಂದರೆ ಪೂರ್ತಿ ಓದಿ. ಬಾಗಿಲು ಒಡೆದ ವಿಷಯ ಬರೆದಿಲ್ಲವೆಂದರೆ ಸೇರಿಸಲು ಕೇಳಿ. ಒಪ್ಪದಿದ್ದರೆ ಸಹಿ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲೇ "ಮುಂಬಾಗಿಲು, ಚೌಕಟ್ಟು ಈ ಸಮಯದಲ್ಲಿ ಮುರಿದಿದೆ" ಎಂದು ಬರೆದು ಸಮಯ ಹಾಕಿ. ಜಗಳ ಬೇಡ, ಕೈ ಅಡ್ಡ ಹಾಕುವುದೂ ಬೇಡ. ಕರ್ತವ್ಯಕ್ಕೆ ಅಡ್ಡಿ ಅಂತ ಕೇಸು ಬಿದ್ದರೆ ಬಾಗಿಲಿನ ಮಾತು ಮೂಲೆಗೆ ಹೋಗುತ್ತದೆ.

ರಿಪೇರಿಗೆ ಮೊದಲು ಕಾರ್ಪೆಂಟರಿಂದ ಕೊಟೇಶನ್ ಬರೆಸಿಕೊಳ್ಳಿ. ಬಾಗಿಲು, ಚೌಕಟ್ಟು, ಲಾಕು, ಕೂಲಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ಮರ ಯಾವುದು ಎಂದೂ ಬರೆಸಿ. ಬೇವಿನ ಬಾಗಿಲಿಗೂ ತೇಗದ ಬಾಗಿಲಿಗೂ ದರದಲ್ಲಿ ಎಷ್ಟು ವ್ಯತ್ಯಾಸ ಅಲ್ವಾ? ರಾತ್ರಿ ಬಾಗಿಲಿಲ್ಲದೆ ಮಲಗಲು ಆಗುವುದಿಲ್ಲ, ನಿಜ. ಫೋಟೋ, ಕೊಟೇಶನ್ ಆದ ಮೇಲೆ ಧೈರ್ಯವಾಗಿ ರಿಪೇರಿ ಮಾಡಿಸಿ. ಬಿಲ್ ಮಾತ್ರ ಬಿಡಬೇಡಿ.

ನನ್ನ ಕಕ್ಷಿದಾರರೊಬ್ಬರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಪೊಲೀಸರು ಬಂದದ್ದು ಮಹಡಿ ಮೇಲಿನ ಹುಡುಗನಿಗೆ, ಒಡೆದದ್ದು ಇವರ ಹೊನ್ನೆ ಮರದ ಬಾಗಿಲು. ಹೊಲಿಗೆ ಯಂತ್ರವೂ ಬಿದ್ದು ಸ್ಟ್ಯಾಂಡ್ ಮುರಿದಿತ್ತು. ಅವರ ಹತ್ತಿರ ಒಂದೂ ಫೋಟೋ ಇರಲಿಲ್ಲ. ಉಳಿಸಿದವನು ಕಾರ್ಪೆಂಟರ್. ಅಳತೆ ತೋರಿಸಲು ಅವನು ಮರದ ಅಂಗಡಿಗೆ ವಾಟ್ಸಾಪಿನಲ್ಲಿ ಚೌಕಟ್ಟಿನ ಚಿತ್ರ ಕಳಿಸಿದ್ದ. ತಾರೀಕು, ಸಮಯ ಎಲ್ಲ ಅದರಲ್ಲಿತ್ತು. ನೋಟಿಸ್ ಹೋದ ಮೇಲೆ ಮಾತುಕತೆಯಾಗಿ ಬಾಗಿಲಿನ ದುಡ್ಡು, ಯಂತ್ರದ ದುಡ್ಡು ಬಂತು. ಕೆಲಸ ನಿಂತ ದಿನಗಳ ದುಡಿಮೆಯದು ಬರಲಿಲ್ಲ. ಆರ್ಡರ್ ಬರೆದಿಟ್ಟ ಪುಸ್ತಕ ಇರಲಿಲ್ಲ. ನನಗೆ ಇವತ್ತಿಗೂ ಅದು ಬೇಸರ. ಮನೆಯಲ್ಲೇ ದುಡಿಯುವ ಹೆಣ್ಣುಮಕ್ಕಳು ದಯವಿಟ್ಟು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡಿ.

ಅರ್ಜಿ ಹೀಗೆ ಬರೆಯಿರಿ

ಮೊದಲ ಅರ್ಜಿ ಎಸ್‌ಪಿ ಅವರಿಗೆ, ಬೆಂಗಳೂರು, ಮೈಸೂರಿನಂಥ ಕಡೆ ಪೊಲೀಸ್ ಕಮಿಷನರ್ ಅವರಿಗೆ. ಅದರ ಒಂದು ಕಾಪಿ ಠಾಣೆಗೆ. ಕೈಯಲ್ಲಿ ಕೊಟ್ಟರೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇಲ್ಲವಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬೈಗುಳ, ಕಣ್ಣೀರು ಬೇಡ. ಇಷ್ಟು ಸಾಕು:

"ಈ ತಾರೀಕು, ಇಷ್ಟು ಗಂಟೆಗೆ ನಿಮ್ಮ ಸಿಬ್ಬಂದಿ ನನ್ನ ಮನೆಯ ಮುಂಬಾಗಿಲು ಒಡೆದು ಒಳಗೆ ಬಂದರು. ಒಡೆಯುವ ಮೊದಲು ತಾವು ಯಾರೆಂದು ಹೇಳಲಿಲ್ಲ, ಬಾಗಿಲು ತೆಗೆಯಲು ಕೇಳಲಿಲ್ಲ. ಅವರು ಹುಡುಕುತ್ತಿದ್ದ ವ್ಯಕ್ತಿ ಈ ಮನೆಯಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ. ಆದ ಹಾನಿಯ ಪಟ್ಟಿ, ಫೋಟೋ, ಕೊಟೇಶನ್ ಲಗತ್ತಿಸಿದ್ದೇನೆ. ಒಟ್ಟು ಇಷ್ಟು ರೂಪಾಯಿ ಪರಿಹಾರ ಕೊಡಿಸಬೇಕು. ಶೋಧನೆಯ ವಿಡಿಯೋ ಅಳಿಸದೆ ಕಾಪಾಡಬೇಕು."

ನಿಮ್ಮ ವಿಷಯದಲ್ಲಿ ನಡೆದದ್ದನ್ನಷ್ಟೇ ಬರೆಯಿರಿ. ಅವರು ಬಾಗಿಲು ತಟ್ಟಿದ್ದರೆ ತಟ್ಟಿದರು ಎಂದೇ ಬರೆಯಿರಿ. ಒಂದು ಸುಳ್ಳು ಸಿಕ್ಕರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಕೊನೆಯ ಸಾಲು, ವಿಡಿಯೋದ್ದು, ಯಾವ ಕಾರಣಕ್ಕೂ ಬಿಡಬೇಡಿ. ಎದುರು ಮನೆಯ ಸಿಸಿಟಿವಿ ಇದ್ದರೆ ಅವತ್ತೇ ಹೋಗಿ ಕಾಪಿ ಕೇಳಿ, ಹಳೆಯದು ತಾನಾಗಿ ಅಳಿದುಹೋಗುತ್ತದೆ.

ಉತ್ತರ ಬರದಿದ್ದರೆ

ಮುಂದಿನದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ನೋಟಿಸ್. ಸರ್ಕಾರದ ಮೇಲೆ ದಾವೆ ಹೂಡುವ ಎರಡು ತಿಂಗಳ ಮೊದಲು ಇದನ್ನು ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ಕೊಡಬೇಕು. ಸಣ್ಣ ಮೊತ್ತದ ವ್ಯಾಜ್ಯಗಳು ಎಷ್ಟೋ ಸಲ ಈ ಹಂತದಲ್ಲೇ ಮುಗಿಯುತ್ತವೆ.

ಇಲ್ಲಿ ಗಡುವಿನ ವಿಷಯ ಬಹಳ ಎಚ್ಚರ. ಕಾನೂನಿನ ಅಧಿಕಾರ ಬಳಸಿ ಮಾಡಿದೆವು ಎನ್ನುವ ಕೆಲಸದಿಂದ ಆದ ನಷ್ಟಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದ ಕೊಡುವುದು ಒಂದೇ ವರ್ಷ. ಅತಿಕ್ರಮ ಪ್ರವೇಶಕ್ಕೆ ಮೂರು ವರ್ಷ ಇದೆ ಎಂದು ಯಾರಾದರೂ ಹೇಳಬಹುದು. ಆ ವಾದ ನಂಬಿ ಕೂರಬೇಡಿ. ಒಂದೇ ವರ್ಷ ಎಂದು ಲೆಕ್ಕ ಹಾಕಿ. ನೋಟಿಸಿನ ಎರಡು ತಿಂಗಳು ಅದರಲ್ಲಿ ಸೇರುವುದಿಲ್ಲ, ಅಷ್ಟು ಸಮಾಧಾನ.

ದಾವೆ ಕರ್ನಾಟಕ ರಾಜ್ಯದ ಮೇಲೆ. ಅಧಿಕಾರಿಯನ್ನು ಸ್ವಂತವಾಗಿ ಸೇರಿಸಬೇಕು ಅಂತ ಸಿಟ್ಟಿನಲ್ಲಿ ಅನಿಸುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಸೆಕ್ಷನ್ ಪ್ರಕಾರ ಅದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಾಗುತ್ತದೆ. ಆ ಅನುಮತಿಗೆ ಕಾದು ವರ್ಷಗಳು ಹೋಗುವುದುಂಟು. ನಿಮಗೆ ಬೇಕಾದ್ದು ಬಾಗಿಲಿನ ದುಡ್ಡಾದರೆ ವಕೀಲರ ಜೊತೆ ಕೂತು ಇದನ್ನು ಮೊದಲೇ ತೀರ್ಮಾನಿಸಿ.

ಸರ್ಕಾರದ ಕಡೆ ವಕೀಲರು "ಇದು ಸಾರ್ವಭೌಮ ಅಧಿಕಾರ, ಪರಿಹಾರ ಕೊಡಬೇಕಿಲ್ಲ" ಎನ್ನುತ್ತಾರೆ. ಅವರ ಕೈಯಲ್ಲಿರುವುದು 1965ರ ಕಸ್ತೂರಿಲಾಲ್ ತೀರ್ಪು. ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ ಒಬ್ಬ ಹೊತ್ತುಕೊಂಡು ಪಾಕಿಸ್ತಾನಕ್ಕೆ ಓಡಿಹೋದ, ಆದರೂ ಸರ್ಕಾರ ಹೊಣೆಯಲ್ಲ ಎಂದಿತು ಸುಪ್ರೀಂ ಕೋರ್ಟ್. ನಮ್ಮ ಕೈಯಲ್ಲೂ ಇದೆ. ನಮ್ಮದೇ ರಾಜ್ಯದಿಂದ ಹೋದ 1977ರ ಬಸವ್ವ ಪ್ರಕರಣದಲ್ಲಿ, ಠಾಣೆಯಲ್ಲಿಟ್ಟ ಒಡವೆ ಕಳೆದುಹೋದದ್ದಕ್ಕೆ ಸರ್ಕಾರ 10,000 ರೂಪಾಯಿ ಕೊಡಬೇಕು ಎಂದು ಅದೇ ಸುಪ್ರೀಂ ಕೋರ್ಟ್ ಹೇಳಿತು. 1994ರ ನಾಗೇಂದ್ರ ರಾವ್ ತೀರ್ಪು ಆ ಸಾರ್ವಭೌಮ ರಕ್ಷಣೆಯನ್ನು ಇನ್ನೂ ಬಹಳ ಚಿಕ್ಕದು ಮಾಡಿತು. ಆದ್ದರಿಂದ ಆ ವಾದ ಕೇಳಿ ಹೆದರಿ ಎದ್ದು ಬರಬೇಡಿ.

ಜೀವ, ಘನತೆಗೆ ಧಕ್ಕೆಯಾಗಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಮೂಲಭೂತ ಹಕ್ಕು ಕಾಪಾಡಿ ಎಂದು ನೇರವಾಗಿ ಕೇಳುವ ಅರ್ಜಿ, ಹಾಕಬಹುದು. ಬೆಂಗಳೂರಿಗೇ ಹೋಗಬೇಕಿಲ್ಲದ ಜಿಲ್ಲೆಗಳಿಗೆ ಧಾರವಾಡ, ಕಲಬುರಗಿ ಪೀಠಗಳಿವೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು, ಅಲ್ಲೂ ಒಂದು ವರ್ಷದ ಗಡುವಿದೆ. ಆಯೋಗ ಮಾಡುವುದು ಶಿಫಾರಸು, ಆದರೂ ಅದಕ್ಕೆ ತೂಕ ಇದೆ.

ಬಾಡಿಗೆ ಮನೆಯಾದರೆ

ಜಾಸ್ತಿ ಜಗಳ ಆಗುವುದು ಇಲ್ಲಿಯೇ. ಪೊಲೀಸರು ಒಡೆದ ಬಾಗಿಲಿನ ದುಡ್ಡನ್ನು ಓನರ್ ಅಡ್ವಾನ್ಸಿನಿಂದ ಹಿಡಿದುಕೊಳ್ಳುತ್ತಾರೆ. ಬಾಡಿಗೆದಾರನ ತಪ್ಪಿನಿಂದಲೇ ಪೊಲೀಸರು ಬಂದದ್ದು ಎಂದು ಸಾಬೀತಾದರೆ ಓನರ್ ಕೇಳುವುದರಲ್ಲಿ ಅರ್ಥವಿದೆ. ವಿಳಾಸ ತಪ್ಪಿ ಬಂದಿದ್ದರೆ, ಅಥವಾ ಹಿಂದೆ ಇದ್ದ ಬಾಡಿಗೆದಾರನನ್ನು ಹುಡುಕಿ ಬಂದಿದ್ದರೆ, ಈಗ ಇರುವವರ ಅಡ್ವಾನ್ಸ್ ಮುಟ್ಟುವುದು ನ್ಯಾಯವಲ್ಲ. ಅಂಥ ಕಡೆ ಇಬ್ಬರೂ ಸೇರಿ ಅರ್ಜಿ ಹಾಕಿ. ಬಾಗಿಲು ಓನರದು, ಸಾಮಾನು ನಿಮ್ಮದು. ಕರಾರು ಪತ್ರದಲ್ಲಿ ರಿಪೇರಿ ಯಾರದು ಎಂಬ ಸಾಲು ಇದ್ದರೆ ಮೊದಲು ಅದನ್ನು ಓದಿ.

ಮನೆಗೆ ವಿಮೆ ಇದ್ದವರು ಪಾಲಿಸಿಯ ಹೊರಗಿಟ್ಟ ವಿಷಯಗಳ ಪಟ್ಟಿ ನೋಡಿ. ಸರ್ಕಾರದ ಅಥವಾ ಕಾನೂನುಬದ್ಧ ಅಧಿಕಾರಿಯ ಆದೇಶದಿಂದ ಆದ ನಾಶಕ್ಕೆ ಹಣವಿಲ್ಲ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಆದರೂ ಕ್ಲೇಮ್ ಹಾಕಿ, ನಿರಾಕರಿಸಿದರೆ ಕಾರಣ ಬರೆದು ಕೊಡಲು ಹೇಳಿ.

ಇನ್ನೊಂದು ಬಗೆಯೂ ಇದೆ. ಒಳಗಿರುವ ಅಜ್ಜಿ ಎರಡು ದಿನದಿಂದ ಬಾಗಿಲು ತೆಗೆದಿಲ್ಲ ಎಂದು ಪಕ್ಕದ ಮನೆಯವರು 112ಕ್ಕೆ ಫೋನ್ ಮಾಡಿ, ಪೊಲೀಸರು ಬಾಗಿಲು ಒಡೆದಿದ್ದರೆ ಪರಿಹಾರ ಕೇಳಲು ಹೋಗಬೇಡಿ. ಅಲ್ಲಿ ಯಾರದ್ದೂ ತಪ್ಪಿಲ್ಲ. ಫೋನ್ ಮಾಡಿದವರ ಮೇಲಂತೂ ಖರ್ಚು ಹಾಕಲೇಬೇಡಿ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗುವವರಿಗೆ ಒಂದು ಮಾತು. ಪ್ರತಿ ತಾಲೂಕಿನಲ್ಲೂ ಕಾನೂನು ಸೇವಾ ಸಮಿತಿ ಇದೆ, ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ನೋಡುತ್ತಾರೆ. ಹೋಗುವಾಗ ಆಧಾರ್, ಫೋಟೋ ಪ್ರಿಂಟು, ಕೊಟೇಶನ್, ಬಿಲ್, ಅರ್ಜಿಯ ಸ್ವೀಕೃತಿ ಪ್ರತಿ ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋಗಿ.