ಅಹವಾಲು ಸಭೆಗೆ 30 ದಿನ: ಗ್ರಾಮ ಪಂಚಾಯಿತಿ ಮಾಡಬೇಕಾದ ಕೆಲಸಗಳು

ಗಣಿ, ಅಣೆಕಟ್ಟೆ, ಬಂದರು, ಉಷ್ಣ ವಿದ್ಯುತ್ ಸ್ಥಾವರದಂಥ ದೊಡ್ಡ ಯೋಜನೆ ಊರ ಹತ್ತಿರ ಬರುತ್ತಿದೆ ಎಂದು ಗ್ರಾಮ ಪಂಚಾಯಿತಿಗೆ ಅಧಿಕೃತವಾಗಿ ತಿಳಿಯುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಒಂದು, ಪತ್ರಿಕೆಯ ಒಳಪುಟದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಪ್ರಕಟಣೆ. ಇನ್ನೊಂದು, ಪಂಚಾಯಿತಿ ಕಚೇರಿಗೆ ಬರುವ ದಪ್ಪನೆಯ ಇಂಗ್ಲಿಷ್ ವರದಿ. ಪ್ರಕಟಣೆ ಬಂದ ಮೇಲೆ ಪರಿಸರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಸಿಗುತ್ತದೆ. ಸಭೆಯ ದಿನ ಮೈಕಿನ ಮುಂದೆ ಆಡುವ ಮಾತು ಗಟ್ಟಿಯಾಗಿರಬೇಕಾದರೆ ಈ ನಾಲ್ಕು ವಾರದ ಕೆಲಸ ಗಟ್ಟಿಯಾಗಿರಬೇಕು.

ಒಂದು ಮಾತು ಮೊದಲೇ ತಿಳಿದಿರಲಿ. ಈ ಸಭೆಯಲ್ಲಿ ಮತ ಎಣಿಸುವುದಿಲ್ಲ. ಸಾವಿರ ಜನ ಸೇರಿ ‘ಬೇಡ’ ಎಂದರೂ ಅಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ, ಸಭೆ ಶುರುವಾಗಲು ಇಷ್ಟು ಜನ ಇರಬೇಕೆಂಬ ಕೋರಂ ಕೂಡ ಇಲ್ಲ. ತೀರ್ಮಾನ ಆಗುವುದು ಹೆಚ್ಚು ಪರಿಣಾಮದ ‘ಎ’ ವರ್ಗದ ಯೋಜನೆಯಾದರೆ ದೆಹಲಿಯಲ್ಲಿ, ‘ಬಿ’ ವರ್ಗದ್ದಾದರೆ ರಾಜ್ಯ ಮಟ್ಟದ ಪ್ರಾಧಿಕಾರದಲ್ಲಿ. ಅಲ್ಲಿ ಪರಿಶೀಲನೆಗೆ ಕೂರುವ ತಜ್ಞರ ಸಮಿತಿ ವಿವರಣೆಗೆ ಕರೆಯುವುದು ಯೋಜನೆಯ ಅರ್ಜಿದಾರರನ್ನು. ಊರಿನವರಿಗೆ ಆ ಕೋಣೆಯಲ್ಲಿ ಕುರ್ಚಿ ಇಲ್ಲ. ಊರಿನ ಪರವಾಗಿ ಅಲ್ಲಿಗೆ ಹೋಗುವುದು ಸಭೆಯ ನಡಾವಳಿ, ವಿಡಿಯೊ ಮತ್ತು ಲಿಖಿತ ಆಕ್ಷೇಪಣೆಗಳು ಮಾತ್ರ.

ಸಭೆ ಯಾವ ಯೋಜನೆಗೆ?

ಈ ಪ್ರಕ್ರಿಯೆಗೆ ಆಧಾರ 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆ, ಅಂದರೆ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ. ಅದರ ಪಟ್ಟಿಯಲ್ಲಿರುವ ‘ಎ’ ಯೋಜನೆಗಳಿಗೂ ‘ಬಿ’ಯಲ್ಲಿ ಇಐಎ ವರದಿ ಬೇಕಾದ ‘ಬಿ1’ ಯೋಜನೆಗಳಿಗೂ ಸಾರ್ವಜನಿಕ ಸಮಾಲೋಚನೆ ಕಡ್ಡಾಯ. ಆ ವರದಿ ಬೇಡದ ‘ಬಿ2’ಗೆ ಇಲ್ಲ. ಹೊಸ ಜಮೀನು ಬೇಡದ ರಸ್ತೆ ವಿಸ್ತರಣೆ, ನೀರಾವರಿ ಯೋಜನೆಗಳ ಆಧುನೀಕರಣ, ಕಟ್ಟಡ ಮತ್ತು ಟೌನ್‌ಶಿಪ್, ರಕ್ಷಣೆಗೆ ಸಂಬಂಧಿಸಿದ ಯೋಜನೆಗಳಿಗೂ ವಿನಾಯಿತಿ ಇದೆ. ರೈಲು ಮಾರ್ಗ ಈ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ರೈಲು ಯೋಜನೆಗೆ ಅಹವಾಲು ಸಭೆಗಾಗಿ ಕಾಯುತ್ತ ಕೂತರೆ ಕಾಲ ಕಳೆದುಹೋಗುತ್ತದೆ. ಕಾಡು ಹೋಗುವುದಾದರೆ ಅರಣ್ಯ ಅನುಮತಿಯ ಕಡತವನ್ನು ಹಿಂಬಾಲಿಸಬೇಕು. ಯಾವ ಯೋಜನೆ ಯಾವ ವರ್ಗದಲ್ಲಿದೆ ಎಂಬುದನ್ನು ಕೇಂದ್ರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಡಬಹುದು.

ಮೊದಲ ವಾರ: ಕಾಗದ ಕೈಗೆ ತೆಗೆದುಕೊಳ್ಳಿ

ಕರಡು ಇಐಎ ವರದಿಯ ಪ್ರತಿಗಳು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಂಬಂಧಪಟ್ಟ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ, ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಗೆ ಬರಬೇಕು. ಸಭೆ ಮುಗಿಯುವವರೆಗೂ ಕಚೇರಿ ವೇಳೆಯಲ್ಲಿ ಯಾರು ಬಂದು ಕೇಳಿದರೂ ತೋರಿಸಬೇಕು. ಇದು ಪಂಚಾಯಿತಿಯ ಹೊಣೆ. ವರದಿ ಪಿಡಿಒ ಅವರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತರೆ ಊರಿನ ಹಕ್ಕೂ ಅಲ್ಲೇ ಕೂತಂತೆ. ಬಂದ ದಿನವೇ ಟಪಾಲು ವಹಿಯಲ್ಲಿ ದಿನಾಂಕ ಸಹಿತ ದಾಖಲಿಸಿ. ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ, ಊರೂರಿಗೆ ತಿಳಿಸಿ. ಪತ್ರಿಕೆ ತಲುಪದ ಕಡೆ ಡಂಗುರ ಸಾರಿಸಲು ಅಧಿಸೂಚನೆಯಲ್ಲೇ ಅವಕಾಶವಿದೆ.

ವರದಿ ಬಂದಿಲ್ಲವಾದರೆ ಸುಮ್ಮನಿರಬೇಡಿ. ಮಂಡಳಿಯ ಸದಸ್ಯ ಕಾರ್ಯದರ್ಶಿಗೂ ಜಿಲ್ಲಾಧಿಕಾರಿಗೂ ಅದೇ ದಿನ ಪತ್ರ ಬರೆದು, ‘ಇಂಥ ತಾರೀಖಿನವರೆಗೆ ವರದಿ ತಲುಪಿಲ್ಲ’ ಎಂದು ಹೇಳಿ ಸ್ವೀಕೃತಿ ಮುದ್ರೆ ಪಡೆಯಿರಿ. ಮುಂದೆ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಗಿ ಬಂದರೆ ಆ ಮುದ್ರೆಗೆ ಬೆಲೆ ಇರುತ್ತದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಸಾಕು ಎಂದು ಕೆಲವರು ನಂಬುತ್ತಾರೆ. ಅದರ ಉತ್ತರಕ್ಕೇ 30 ದಿನ ಇದೆ, ಅಷ್ಟರಲ್ಲಿ ಸಭೆ ಮುಗಿದಿರುತ್ತದೆ.

ಪ್ರಕಟಣೆಯನ್ನೂ ಪರೀಕ್ಷಿಸಿ. ಒಂದು ಪ್ರಮುಖ ರಾಷ್ಟ್ರೀಯ ದಿನಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆ ಎರಡರಲ್ಲೂ ಬಂದಿರಬೇಕು. ಸಭೆಯ ಸ್ಥಳ ಯೋಜನಾ ಪ್ರದೇಶ ಅಥವಾ ಅದರ ಸಮೀಪದಲ್ಲೇ ಇರಬೇಕು. ಯೋಜನೆ ಎರಡು ಜಿಲ್ಲೆಗಳಲ್ಲಿ ಹರಡಿದ್ದರೆ ಸಭೆ ಜಿಲ್ಲೆಗೊಂದು. 2020ರ ಕರಡು ಅಧಿಸೂಚನೆ ಈ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು. ದಪ್ಪ ವರದಿಯನ್ನು ಓದಿ, ಊರಿಗೆ ವಿವರಿಸಿ, ಉತ್ತರ ಬರೆಯಲು 30 ದಿನವೇ ಕಡಿಮೆ.

ವರದಿಯನ್ನು ಎಲ್ಲಿಂದ ಓದಬೇಕು?

ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ, ಅದೂ ನಿಯಮದ ಪ್ರಕಾರ ಎ4 ಅಳತೆಯ ಹೆಚ್ಚೆಂದರೆ 10 ಪುಟ. ಅಷ್ಟನ್ನೇ ಓದಿ ಸಭೆಗೆ ಹೋದವರು ಕಂಪನಿ ಹೇಳಿದ್ದನ್ನೇ ಕಂಪನಿಗೆ ಕೇಳಿ ಬಂದಂತಾಗುತ್ತದೆ. ಮೂಲ ವರದಿಗೆ 12 ಅಧ್ಯಾಯಗಳ ಚೌಕಟ್ಟು ಇರುವುದರಿಂದ ಕೆಲಸ ಹಂಚಿಕೊಳ್ಳುವುದು ಸುಲಭ. ಊರಿನಲ್ಲಿ ಇಂಗ್ಲಿಷ್ ಓದಬಲ್ಲ ನಾಲ್ಕೈದು ಜನರನ್ನು ಕೂರಿಸಿ: ಒಬ್ಬ ಶಿಕ್ಷಕರು, ಕಾಲೇಜು ಮಕ್ಕಳು, ನಿವೃತ್ತ ನೌಕರರು. 2ನೇ ಅಧ್ಯಾಯ ಯೋಜನೆಯ ವಿವರ, 3 ಈಗಿರುವ ಪರಿಸರ, 4 ಆಗಬಹುದಾದ ಪರಿಣಾಮ, 5 ಪರ್ಯಾಯ ಸ್ಥಳ ಮತ್ತು ತಂತ್ರಜ್ಞಾನ, 10 ಪರಿಸರ ನಿರ್ವಹಣಾ ಯೋಜನೆ. ಮೊದಲು ಇವು ಐದನ್ನು ಹಿಡಿಯಿರಿ. ಪಕ್ಕದಲ್ಲಿ ‘ಟರ್ಮ್ಸ್ ಆಫ್ ರೆಫರೆನ್ಸ್’ ಇಟ್ಟುಕೊಳ್ಳಿ. ಏನೇನು ಅಧ್ಯಯನ ಮಾಡಬೇಕೆಂದು ತಜ್ಞರ ಸಮಿತಿ ಮೊದಲೇ ಕೊಟ್ಟ ಪಟ್ಟಿ ಅದು. ಪಟ್ಟಿಯಲ್ಲಿದ್ದು ವರದಿಯಲ್ಲಿಲ್ಲದ ಒಂದೊಂದು ಅಂಶವೂ ಒಂದೊಂದು ಲಿಖಿತ ಆಕ್ಷೇಪಣೆ.

ಹೆಚ್ಚು ಹುಳುಕು ಸಿಗುವುದು 3ನೇ ಅಧ್ಯಾಯದಲ್ಲಿ. ನೀರು, ಗಾಳಿ, ಮಣ್ಣಿನ ಮಾದರಿ ತೆಗೆದ ಜಾಗಗಳ ಕೋಷ್ಟಕ ಅಲ್ಲಿರುತ್ತದೆ. ಆ ಹಳ್ಳಿಗಳ ಹೆಸರು ಒಂದೊಂದಾಗಿ ಓದಿ. ಆ ಬಾವಿ ನಿಜಕ್ಕೂ ಇದೆಯೇ? ಇದ್ದರೆ ಯಾರದು? ಊರಲ್ಲಿ ಯಾರೂ ಬೆಳೆಯದ ಬೆಳೆ, ಈ ಸೀಮೆಯಲ್ಲಿ ಇಲ್ಲದ ಮರ ಪಟ್ಟಿಯಲ್ಲಿ ಕಂಡರೆ ಬೇರೆ ಯಾವುದೋ ಯೋಜನೆಯ ವರದಿಯಿಂದ ಎತ್ತಿ ಅಂಟಿಸಿರಬಹುದು. ಇದು ಸಣ್ಣ ತಪ್ಪಲ್ಲ. ಮುಖ್ಯ ಮಾಹಿತಿ ಮುಚ್ಚಿಟ್ಟರೆ ಅಥವಾ ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿಯನ್ನು ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು ಎಂದು ಅಧಿಸೂಚನೆಯೇ ಹೇಳುತ್ತದೆ.

ಮಾದರಿ ತೆಗೆದ ತಿಂಗಳನ್ನೂ ನೋಡಿ. ಬಹಳಷ್ಟು ಯೋಜನೆಗಳಲ್ಲಿ ಮಳೆಗಾಲ ಬಿಟ್ಟು ಒಂದೇ ಋತುವಿನ ದತ್ತಾಂಶ ಇರುತ್ತದೆ. ಮಲೆನಾಡು, ಕರಾವಳಿಗೆ ಇದು ದೊಡ್ಡ ಕೊರತೆ. ಮಾರ್ಚ್‌ನಿಂದ ಮೇವರೆಗೆ ಅಳೆದವರಿಗೆ ಹಳ್ಳ ಒಣಗಿದ ಗುಂಡಿಯಂತೆ ಕಾಣುತ್ತದೆ. ಜುಲೈನಲ್ಲಿ ಅದೇ ಹಳ್ಳ ಕಾಲುಸಂಕ ಕೊಚ್ಚಿಕೊಂಡು ಹೋಗುತ್ತದೆ. ಮಣ್ಣಿನ ರಾಶಿ ಎಲ್ಲಿ ಹಾಕುತ್ತಾರೆ, ಮಳೆ ಬಂದಾಗ ಅದು ಯಾವ ಗದ್ದೆಗೆ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಮಳೆಗಾಲ ಕಂಡವರೇ ಕೇಳಬೇಕು.

ಎರಡು, ಮೂರನೇ ವಾರ: ಊರಿನದೇ ಲೆಕ್ಕ

ಸಾಮಾನ್ಯವಾಗಿ ಅಧ್ಯಯನ ಪ್ರದೇಶ ಯೋಜನೆಯ ಸುತ್ತ 10 ಕಿಲೊಮೀಟರ್ ತ್ರಿಜ್ಯದೊಳಗಿನದು. ನಿಮ್ಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಅದರೊಳಗೆ ಬರುವ ಬಾವಿ, ಕೊಳವೆಬಾವಿ, ಕೆರೆ, ಗೋಮಾಳ, ಶಾಲೆ, ಅಂಗನವಾಡಿ, ದೇವರಕಾಡುಗಳನ್ನು ಸರ್ವೆ ನಂಬರ್ ಸಹಿತ ಪಟ್ಟಿ ಮಾಡಿ, ಗ್ರಾಮ ನಕ್ಷೆಯ ಮೇಲೆ ಗುರುತಿಸಿ.

ಬಾವಿಯ ನೀರಿನ ಮಟ್ಟ ಅಳೆಯಲು ಯಂತ್ರ ಬೇಕಿಲ್ಲ. ಬೆಳಿಗ್ಗೆ ಪಂಪ್ ಹಾಕುವ ಮೊದಲೇ ಹೋಗಿ. ಪಂಪ್ ಓಡಿದ ಮೇಲೆ ಮಟ್ಟ ಇಳಿದಿರುವುದರಿಂದ ಲೆಕ್ಕ ಕೆಡುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಕಟ್ಟೆಯ ಅಂಚಿನಿಂದ ನೇರ ಇಳಿಬಿಡಿ. ಕಲ್ಲು ನೀರಿಗೆ ಮುಳುಗಿದ ಮೇಲೆ ಕಟ್ಟೆಯ ಅಂಚು ತಾಗುವಲ್ಲಿ ಹಗ್ಗಕ್ಕೆ ಗಂಟು ಹಾಕಿ, ಮೇಲೆಳೆಯಿರಿ. ಗಂಟಿನಿಂದ ಒದ್ದೆ ಶುರುವಾಗುವ ಜಾಗದವರೆಗೆ ಟೇಪು ಹಿಡಿದು ಅಳೆಯಿರಿ. ಅದರಲ್ಲಿ ಕಟ್ಟೆಯ ಎತ್ತರ ಕಳೆದರೆ ನೆಲಮಟ್ಟದಿಂದ ನೀರು ಎಷ್ಟು ಆಳದಲ್ಲಿದೆ ಎಂಬುದು ಸಿಗುತ್ತದೆ. ದಿನಾಂಕ, ಸರ್ವೆ ನಂಬರ್, ಬಾವಿ ನಂಬಿದ ಮನೆಗಳ ಸಂಖ್ಯೆ ಬರೆದು, ಸ್ಥಳದಲ್ಲೇ ಫೋಟೊ ತೆಗೆಯಿರಿ. ನಾಳೆ ಗಣಿಯೋ ಸುರಂಗವೋ ಬಂದು ಬಾವಿ ಬತ್ತಿದರೆ, ಮೊದಲು ನೀರಿತ್ತು ಎನ್ನಲು ಊರಿನ ಕೈಯಲ್ಲಿರುವ ಆಧಾರ ಈ ಹಾಳೆ.

ಕೊನೆಯ ವಾರ: ಗ್ರಾಮಸಭೆಯ ನಿರ್ಣಯ

ಇಷ್ಟು ಸಿದ್ಧವಾದ ಮೇಲೆ ವಿಶೇಷ ಗ್ರಾಮಸಭೆ ಕರೆಯಿರಿ. ‘ಯೋಜನೆಯನ್ನು ಉಗ್ರವಾಗಿ ಖಂಡಿಸಲಾಯಿತು’ ಎಂಬ ಒಂದು ಸಾಲಿನ ನಿರ್ಣಯಕ್ಕೆ ಅರ್ಜಿದಾರರೂ ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸುತ್ತಾರೆ. ಉತ್ತರ ಕೊಡಲೇಬೇಕಾದಂತೆ ಬರೆಯಿರಿ. ಮಾದರಿಗೆ:

‘ಸರ್ವೆ ನಂಬರ್ (ಇಂತಿಷ್ಟು) ಸಾರ್ವಜನಿಕ ಬಾವಿಯಿಂದ 42 ಮನೆಗಳು ಕುಡಿಯುವ ನೀರು ಪಡೆಯುತ್ತಿವೆ. ವರದಿಯ 3ನೇ ಅಧ್ಯಾಯದ ನೀರಿನ ಮೂಲಗಳ ಕೋಷ್ಟಕದಲ್ಲಿ ಈ ಬಾವಿ ಇಲ್ಲ. ಇದರ ಮೇಲಾಗುವ ಪರಿಣಾಮವನ್ನು ಮಳೆಗಾಲದ ದತ್ತಾಂಶದೊಂದಿಗೆ ಅಧ್ಯಯನ ಮಾಡಿ ಅಂತಿಮ ವರದಿಯಲ್ಲಿ ಸೇರಿಸಬೇಕು. ಬಾವಿ ಬತ್ತಿದರೆ ಬದಲಿ ನೀರನ್ನು ಎಷ್ಟು ದಿನದೊಳಗೆ, ಯಾವ ಮೂಲದಿಂದ, ಯಾರ ಖರ್ಚಿನಲ್ಲಿ ಕೊಡಲಾಗುವುದು ಎಂಬುದನ್ನು ತಿಳಿಸಬೇಕು.’

ಬೇಡಿಕೆಗೆ ಅಳತೆ ಇರಲಿ. ಸಭೆಯಲ್ಲಿ ಅರ್ಜಿದಾರರು ಕೊಟ್ಟ ಮಾತನ್ನು ಭೌತಿಕ ಗುರಿಗಳಾಗಿ ಅನುಮತಿಯ ಷರತ್ತಿಗೆ ಸೇರಿಸಬೇಕೆಂದು ಪರಿಸರ ಸಚಿವಾಲಯ 2020ರಲ್ಲೇ ಸೂಚನೆ ಕೊಟ್ಟಿದೆ. ‘ಊರಿನ ಅಭಿವೃದ್ಧಿ ಮಾಡುತ್ತೇವೆ’ ಎಂಬ ಮಾತು ಷರತ್ತಾಗಲಾರದು. ಇಂಥ ಕೆರೆಯ ಹೂಳು ಇಷ್ಟು ಅಡಿ, ಇಂಥ ವರ್ಷದೊಳಗೆ ಎಂದರೆ ಆಗುತ್ತದೆ.

ಯೋಜನೆ ಬೇಡವೇ ಬೇಡ ಎನ್ನುವ ಊರು ಅದನ್ನು ಮೊದಲ ಸಾಲಿನಲ್ಲೇ ಸ್ಪಷ್ಟವಾಗಿ ಬರೆದು, ಕೆಳಗೆ ಕಾರಣಗಳನ್ನು ಕೊಡಲಿ. ಬೇಡ ಎನ್ನುವುದಕ್ಕೂ ಷರತ್ತು ಕೇಳುವುದಕ್ಕೂ ವಿರೋಧವಿಲ್ಲ. ಆದರೆ ವರದಿ ಓದುವ ಮೊದಲೇ ನಿರಾಕ್ಷೇಪಣಾ ಪತ್ರ ಕೊಟ್ಟುಬಿಟ್ಟರೆ ಅದು ಅರ್ಜಿದಾರರ ಕಡತದಲ್ಲಿ ಊರಿನ ಒಪ್ಪಿಗೆಯಾಗಿ ನಿಲ್ಲುತ್ತದೆ. ಆಮೇಲೆ ಅದನ್ನು ಅಲ್ಲಗಳೆಯುವುದು ಬಲು ಕಷ್ಟ. ಅರಣ್ಯ ಹಕ್ಕು ಕಾಯ್ದೆಯಡಿಯ ಗ್ರಾಮಸಭೆಯ ಅಧಿಕಾರ ಇದಕ್ಕಿಂತ ಬೇರೆ, ಇದಕ್ಕಿಂತ ದೊಡ್ಡದು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಸೇರಿ, ಹನ್ನೆರಡೂ ಬಾಕ್ಸೈಟ್ ಗಣಿಗಾರಿಕೆಯನ್ನು ತಿರಸ್ಕರಿಸಿದ್ದವು. ಅರಣ್ಯ ಜಮೀನು ಇರುವ ಕಡೆ ಆ ಕಡತವನ್ನು ಪ್ರತ್ಯೇಕವಾಗಿ ನಡೆಸಿ.

ನಿರ್ಣಯ, ನಕ್ಷೆ, ಬಾವಿಗಳ ಹಾಳೆ ಎಲ್ಲವನ್ನೂ ಸಭೆಗೆ ಮೊದಲೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಗೆ ಬರಲಾಗದವರೂ ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು.

ಸಭೆಯ ದಿನ

ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆ ಇಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಎಲ್ಲರೂ ಸಹಿ ಮಾಡಿ. ಇಡೀ ಸಭೆಯ ವಿಡಿಯೊ ಕಡ್ಡಾಯ, ಕ್ಯಾಮೆರಾ ಓಡುತ್ತಿದೆಯೇ ನೋಡಿಕೊಳ್ಳಿ. ವಿಷಯಗಳನ್ನು ಮೊದಲೇ ಹಂಚಿಕೊಳ್ಳಿ: ನೀರಿಗೆ ಒಬ್ಬರು, ರಸ್ತೆ ಮತ್ತು ಧೂಳಿಗೆ ಒಬ್ಬರು, ಜಾನುವಾರು ಮೇವಿಗೆ ಒಬ್ಬರು. ಹೆಸರು, ಊರು, ಸರ್ವೆ ನಂಬರ್, ವರದಿಯ ಪುಟ ಸಂಖ್ಯೆ ಹೇಳಿ ಪ್ರಶ್ನೆ ಇಡಿ. ಬಾವಿಗೆ ಹೋಗಿ ನೀರು ಹೊರುವ ಹೆಣ್ಣುಮಕ್ಕಳಿಗೆ ಮೈಕ್ ಮೊದಲು ಸಿಗಲಿ. ಬಾವಿಯ ಬಗ್ಗೆ ಅವರಷ್ಟು ತಿಳಿದವರು ಊರಲ್ಲಿ ಇನ್ಯಾರೂ ಇರುವುದಿಲ್ಲ.

ಹೆಚ್ಚಿನ ಊರುಗಳು ಎಡವುವುದು ಕೊನೆಯ ಅರ್ಧ ಗಂಟೆಯಲ್ಲಿ. ಸಭೆ ಮುಗಿಯುವಾಗ ನಡಾವಳಿಯ ಸಾರಾಂಶವನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಅಂದೇ ಅಧ್ಯಕ್ಷತೆ ವಹಿಸಿದ ಅಧಿಕಾರಿಯ ಸಹಿ ಆಗಬೇಕು. ಅಷ್ಟರಲ್ಲಿ ಜನ ಊಟಕ್ಕೆ ಎದ್ದು ಹೋಗಿರುತ್ತಾರೆ, ಖಾಲಿ ಪೆಂಡಾಲಿಗೆ ಓದಿ ಮುಗಿಸುತ್ತಾರೆ. ನಿಮ್ಮ ಪಟ್ಟಿ ಹಿಡಿದುಕೊಂಡು ಐದು ಜನ ಕೊನೆಯವರೆಗೂ ಕೂತಿರಲೇಬೇಕು. ಬಿಟ್ಟುಹೋದ ಅಂಶವಿದ್ದರೆ ಎದ್ದು ನಿಂತು, ಕ್ಯಾಮೆರಾ ಮುಂದೆಯೇ ಸೇರಿಸಲು ಕೇಳಿ.

ಸಭೆ ಆದ ಮೇಲೆ

ಮಂಡಳಿ 8 ದಿನದೊಳಗೆ ನಡಾವಳಿಯನ್ನು ಅನುಮತಿ ಕೊಡುವ ಪ್ರಾಧಿಕಾರಕ್ಕೆ ಕಳಿಸಬೇಕು. ಅದರ ಪ್ರತಿ ಪಂಚಾಯಿತಿ ಕಚೇರಿಯಲ್ಲೂ ಎದ್ದುಕಾಣುವಂತೆ ಇರಬೇಕು. ತಪ್ಪಿದ್ದರೆ ನೇರವಾಗಿ ಪ್ರಾಧಿಕಾರಕ್ಕೆ ಬರೆಯಬಹುದು. ನಂತರ ತಜ್ಞರ ಸಮಿತಿಯ ಸಭೆಯ ನಡಾವಳಿಯನ್ನು ‘ಪರಿವೇಶ್’ನಲ್ಲಿ ನೋಡುತ್ತಿರಿ, ಊರಿನ ಆಕ್ಷೇಪಣೆ ಅಲ್ಲಿ ಚರ್ಚೆಗೆ ಬಂತೇ ಎಂದು.

ಪರಿಸರ ಅನುಮತಿ ಸಿಕ್ಕರೆ ಅದರ ಪ್ರತಿಯನ್ನು ಅರ್ಜಿದಾರರು ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು. ಪ್ರಶ್ನಿಸುವುದಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರುವುದೂ 30 ದಿನವೇ. ಸೂಕ್ತ ಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಇಲ್ಲ. ಕರ್ನಾಟಕದವರಿಗೆ ಪೀಠ ಚೆನ್ನೈನಲ್ಲಿದೆ. ಮೇಲ್ಮನವಿ ಬೇಡವೆಂದರೂ ಅನುಮತಿ ಪತ್ರದ ಷರತ್ತುಗಳನ್ನು ಕನ್ನಡಕ್ಕೆ ಇಳಿಸಿ ಗೋಡೆಗೆ ಹಾಕಿ. ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಜಿದಾರರು ಷರತ್ತು ಪಾಲನೆಯ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ. ಅದು ಬಂದ ವಾರ ಅದೇ ಹಗ್ಗ, ಅದೇ ಟೇಪು ಹಿಡಿದು ಅದೇ ಬಾವಿಗಳಿಗೆ ಹೋಗಿ ಮಟ್ಟ ಅಳೆದು, ಹಳೆಯ ಹಾಳೆಯ ಪಕ್ಕದ ಕಾಲಂನಲ್ಲಿ ಬರೆಯಿರಿ.