ಘಾಟಿ ಇಳಿಯುವಾಗ ಬ್ಯಾಟರಿ ತುಂಬಿಸಿಕೊಳ್ಳೋದು ಹೇಗೆ?

ನಮ್ಮ ಮನೆ ಸಕಲೇಶಪುರದಲ್ಲಿ, ಅಕ್ಕನ ಮನೆ ಮಂಗಳೂರಿನಲ್ಲಿ. ನಡುವೆ ಶಿರಾಡಿ ಘಾಟಿ. ಎಲೆಕ್ಟ್ರಿಕ್ ಕಾರಿನವರಿಗೆ ಈ ಇಳಿಜಾರು ನಿಜಕ್ಕೂ ಲಾಭ, ಸುಮ್ನೆ ಕಳಕೊಳ್ಳಬೇಡಿ.

ಹಿಂದಿನ ರಾತ್ರಿ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಬೇಡಿ. ನಾನು 80 ಪರ್ಸೆಂಟ್‌ಗೆ ನಿಲ್ಲಿಸುತ್ತೇನೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ. ಅದು ಸೈಕಲ್ ಡೈನಮೋ ಥರ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ಕಳಿಸುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಆ ಕರೆಂಟಿಗೆ ಜಾಗ ಎಲ್ಲಿದೆ? ಆಗ ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ. 1,500 ಕೆಜಿಯ ಕಾರು 800 ಮೀಟರ್ ಕೆಳಗಿಳಿದರೆ ಸುಮಾರು 3.3 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿ, ಟೈರು ತಿಂದು ಉಳಿದದ್ದರಲ್ಲಿ ಒಳ್ಳೆಯ ಪಾಲು ನಮ್ಮದೇ.

ಇಳಿಜಾರು ಶುರುವಾಗುವ ಮುಂಚೆಯೇ ರೀಜನ್ (ಹೀಗೆ ಕರೆಂಟ್ ವಾಪಸ್ ಪಡೆಯುವ ವ್ಯವಸ್ಥೆ) ಹಂತ ಜಾಸ್ತಿ ಮಾಡಿ. ತಿರುವು ಕಂಡ ಕೂಡಲೇ ಬ್ರೇಕ್ ಒತ್ತುವುದಲ್ಲ, ಸಾಕಷ್ಟು ಮೊದಲೇ ಕಾಲು ನಿಧಾನವಾಗಿ ಎತ್ತಿ. ಡ್ಯಾಶ್‌ಬೋರ್ಡಿನ ಪವರ್ ಮೀಟರ್ ಚಾರ್ಜ್ ಕಡೆಗೆ ವಾಲುವುದನ್ನು ಗಮನಿಸಿ. ಕಾಲನ್ನು ಎಷ್ಟು ಎತ್ತಬೇಕು ಅಂತ ಅದೇ ಕಲಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಒಂದು ಹಂತ ಇಳಿಸಿ, ಒದ್ದೆ ರಸ್ತೆಯಲ್ಲಿ ಚಕ್ರ ಜಾರಬಾರದು ಅಲ್ವಾ?

ಹಿಂದೆ ಲಾರಿ ಹತ್ತಿರ ಬಂದರೆ ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿ, ಕೆಂಪು ದೀಪ ಹತ್ತಲಿ. ನ್ಯೂಟ್ರಲ್‌ಗೆ ಎಂದೂ ಹಾಕಬೇಡಿ. ಕರೆಂಟೂ ಬರುವುದಿಲ್ಲ, ಹಿಡಿತವೂ ತಪ್ಪುತ್ತದೆ.

ವಾಪಸ್ ಬರುವಾಗ ಘಾಟಿ ಹತ್ತಬೇಕು. ಮಂಗಳೂರಿನಲ್ಲೇ ಚಾರ್ಜ್ ಮಾಡಿಕೊಂಡು ಹೊರಡಿ.